ಊಟದ ನಂತರ

ಹಿಟ್ಟಿನ ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ ಇತ್ತು. ಬಿಸ್ಕೀಟಿನ ತಗಡಿನ ಡಬ್ಬಿ, ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಹಿಟ್ಟು ಎಷ್ಟು ಉಳಿದಿದೆ ನೋಡೆಂದು ಅವ್ವ ಅಂಗಳದಿಂದ ಕೂಗಿದಳೆಂದು ನಾನು ಅಲ್ಲಿಗೆ ಕೈ ಹಾಕಿದ್ದು. ಇಲ್ಲದಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. 1997ರ ಡಿಸೆಂಬರ್ 28, ಆದಿತ್ಯವಾರ. ಮರುದಿನ ಎಳ್ಳಮವಾಸೆ. ಭಾಲ್ಕಿಯ ನನ್ನ ಮೆಡಿಕಲ್ ಅಂಗಡಿಗೆ ಎರಡು ದಿನ ಕೀಲಿ ಹಾಕಿ ಡಾಬಕಾಕ್ಕೆ ಬಂದಿದ್ದೆ.

ಡಬ್ಬಿಯ ತುಂಬ ಬಿಪಿ ಗುಳಿಗೆಯ ಪಟ್ಟಿಗಳು. ಪ್ರತಿ ಪಟ್ಟಿಯ ಬೆನ್ನ ಮೇಲೆ ನೀಲಿ ಬಾಲ್‌ಪೆನ್ನಿನ ದಪ್ಪ ಅಕ್ಷರ: ದಿನಕ್ಕೊಂದು, ಊಟದ ನಂತರ. ಅಕ್ಷರ ನನ್ನವೇ.

ಅಲ್ಲೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಣಿಸಿದೆ. ಆಗಸ್ಟ್ ತಿಂಗಳಿಂದ ನಾನು ಕಳಿಸಿದ್ದು ಹದಿನೈದು ಪಟ್ಟಿ, 150 ಗುಳಿಗೆ. ಉಳಿದಿದ್ದವು 83.

"ಅವ್ವಾ, ಇವೇನು?"

"ಗುಳಿಗಿ."

"ಗುಳಿಗಿ ಅಂತ ನಂಗೂ ಗೊತ್ತದ. ಯಾಕ ಉಳದಾವ?"

"ನೀನೇ ಬರದೀ ಅಲ್ಲಪಾ, ಊಟಾದ ಮ್ಯಾಲ ಅಂತ. ಓಣ್ಯಾಗಿನ ಹುಡುಗ ಓದಿ ಹೇಳ್ಯಾನ. ಊಟ ಇಲ್ಲದ ದಿನ ಹ್ಯಾಂಗ ತಗೋಬೇಕು?"

ಅವಳ ದನಿಯಲ್ಲಿ ತಪ್ಪಿತಸ್ಥರ ಅಳುಕು ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ನಡೆಸಿದವಳ ದನಿ ಅದು. ಉಳಿದ ಗುಳಿಗೆಯನ್ನು ಎಸೆಯದೆ ಇಟ್ಟಿದ್ದಕ್ಕೂ ಕಾರಣವಿತ್ತು. ದುಡ್ಡಿನ ಮಾಲು, ಎಸೀತಾರೇನು?

ಆ ಜುಲೈ ಕೊನೆಗೆ ಅವ್ವನಿಗೆ ತಲೆ ತಿರುಗಿ ಬಾವಿಕಟ್ಟೆಯ ಹತ್ತಿರ ಕೂತುಬಿಟ್ಟಿದ್ದಳು. ಉದಗೀರಕ್ಕೆ ಕರೆದೊಯ್ದಿದ್ದೆವು. ನಮ್ಮ ಸೀಮೆಯವರು ರಾಜ್ಯದ ಗಡಿ ದಾಟಿ ದವಾಖಾನೆಗೆ ಹೋಗುವುದು ಹೊಸದೇನಲ್ಲ. ಕಾಗದದ ಮೇಲೆ ನಾವು ಬೀದರ ಜಿಲ್ಲೆಯ ಔರಾದ ಕಡೆಯವರು, ಜಡ್ಡಿಗೆ ಬಿದ್ದಾಗ ಲಾತೂರ ಜಿಲ್ಲೆಯವರು. ಅಲ್ಲಿನ ಡಾಕ್ಟರ್ ಸಾಹೇಬರು ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ನೋಡಿದರು. 180ಕ್ಕೆ 110. ಅಮ್ಲೋಡಿಪಿನ್ ಐದು ಮಿಲಿಗ್ರಾಂ ಎಂದು ಬರೆದು ಮುಂದೆ 1-0-0 ಎಂದು ಹಾಕಿದರು. ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಅಷ್ಟೇ. ಊಟದ ಮಾತು ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಸೇರಿಸಿದವನು ನಾನು.

ಯಾಕೆ ಸೇರಿಸಿದೆ ಎಂದರೆ, ಕೈಯ ರೂಢಿ. 1989ರಲ್ಲಿ ಅಂಗಡಿ ತೆರೆದಾಗಿನಿಂದ ದಿನಕ್ಕೆ ನೂರು ಸಲ ಅದನ್ನೇ ಬರೆಯುತ್ತಿದ್ದೆ. ಬಂದವರಿಗೆ ತಕ್ಕಂತೆ ಕನ್ನಡದಲ್ಲಿ 'ಊಟದ ನಂತರ', ಮರಾಠಿಯಲ್ಲಿ 'ಜೇವಣಾನಂತರ', ದಖನಿಯಲ್ಲಿ ಬಾಯಿಮಾತಿಗೆ 'ಖಾನೇ ಕೆ ಬಾದ್'. ನಮ್ಮ ಕಡೆ ಅತಿ ಹೆಚ್ಚು ಖರ್ಚಾಗುವುದು ಮೊಣಕಾಲು ನೋವಿನ ಗುಳಿಗೆ: ಡೈಕ್ಲೋಫೆನಾಕ್, ಐಬುಪ್ರೊಫೆನ್. ಖಾಲಿ ಹೊಟ್ಟೆಗೆ ಅವು ನಿಜಕ್ಕೂ ಹೊಟ್ಟೆ ಸುಡುತ್ತವೆ. ಅವುಗಳಿಗೆ ಬರೆದೂ ಬರೆದೂ ಎಲ್ಲದಕ್ಕೂ ಅದನ್ನೇ ಬರೆಯುವ ಚಾಳಿ ಹತ್ತಿತು. ಅಮ್ಲೋಡಿಪಿನ್ನಿಗೆ ಊಟ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇದನ್ನು ಡಿ.ಫಾರ್ಮ್ ಓದುವಾಗಲ್ಲ, ಅಂಗಡಿಗೆ ಬರುತ್ತಿದ್ದ ಕಂಪನಿಯ ಹಾಳೆಗಳಲ್ಲಿ ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಅದೇ ಮೊಣಕಾಲು ನೋವಿನ ಗುಳಿಗೆಗಳು ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಟ್ಟು ಬಿಪಿ ಏರಿಸುತ್ತವೆ, ಬಿಪಿ ಗುಳಿಗೆಯ ಬಲವನ್ನೂ ಕುಗ್ಗಿಸುತ್ತವೆ. ಅವ್ವ ಅವನ್ನೂ ಆಗಾಗ ಕಿರಾಣಿ ಅಂಗಡಿಯಿಂದ ಬಿಡಿಯಾಗಿ ತರಿಸುತ್ತಿದ್ದಳು ಎಂಬುದು ಆ ದಿನವೇ ಗೊತ್ತಾಯಿತು.

"ತಗೊಳ್ಳದಿದ್ದ ದಿನ ಏನೂ ಆಗ್ಲಿಲ್ಲೇನು?"

"ಏನೂ ಇಲ್ಲ. ಆರಾಮೇ ಇದ್ದೆ."

ಅದೂ ಸುಳ್ಳಲ್ಲ. ಅಮ್ಲೋಡಿಪಿನ್ ಸಾವಕಾಶದ ಮದ್ದು. ನುಂಗಿದ ಆರರಿಂದ ಹನ್ನೆರಡು ತಾಸಿಗೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ. ಅರ್ಧದಷ್ಟು ಕರಗಲು 30ರಿಂದ 50 ತಾಸು ಹಿಡಿಯುತ್ತದೆ. ಪೂರ್ತಿ ನೆಲೆಗೊಳ್ಳಲು ದಿನವೂ ತಪ್ಪದೆ ಒಂದು ವಾರ ತೆಗೆದುಕೊಳ್ಳಬೇಕು. ಒಂದು ದಿನ ಬಿಟ್ಟರೆ ನಿನ್ನೆಯದು ಇನ್ನೂ ಒಳಗೆ ದುಡಿಯುತ್ತಿರುತ್ತದೆ, ಬಿಟ್ಟವರಿಗೆ ಬಿಟ್ಟದ್ದು ತಿಳಿಯುವುದಿಲ್ಲ. ಬಿಟ್ಟರೂ ನಡೆಯುತ್ತದೆ ಎಂದು ಅವ್ವನಿಗೆ ಕಲಿಸಿದ್ದು ಆ ಗುಳಿಗೆಯೇ. ಅಟೆನೊಲಾಲ್ ಆಗಿದ್ದರೆ ಇಷ್ಟು ಸೈರಣೆ ಇರುತ್ತಿರಲಿಲ್ಲ. ಅದು ಆರೇಳು ತಾಸಿಗೆ ಅರ್ಧವಾಗುತ್ತದೆ, ಮತ್ತು ಫಕ್ಕನೆ ನಿಲ್ಲಿಸಿದರೆ ಎದೆಬಡಿತ ಏರಿ ಬಿಪಿ ತಿರುಗಿ ಜಿಗಿಯುವುದುಂಟು.

ಆ ರಾತ್ರಿ ಗೋಡೆಯ ಮೇಲಿನ ಕಾಲನಿರ್ಣಯ ಇಳಿಸಿ ಕೂತೆ. ಗಡಿಯ ಮನೆಗಳಲ್ಲಿ ಮರಾಠಿ ಕ್ಯಾಲೆಂಡರೇ ಹೆಚ್ಚು. ಹಾಲಿನ ಲೆಕ್ಕ, ಎಮ್ಮೆ ಬೆದೆಗೆ ಬಂದ ದಿನ, ಬೀಗರ ಊರಿನ ಜಾತ್ರೆ ಎಲ್ಲ ಅದರ ಮೇಲೇ. ಆಗಸ್ಟಿನಿಂದ ಹಾಳೆ ಮಗುಚುತ್ತ ಅವ್ವನ ಉಪವಾಸಗಳಿಗೆ ಪೆನ್ನಿನಿಂದ ಚುಕ್ಕೆ ಇಟ್ಟೆ. ಸೋಮವಾರಗಳು. ಪಂಢರಪುರದ ಹೆಸರಿನ ಏಕಾದಶಿಗಳು. ಸಂಕಷ್ಟಿ. ನವರಾತ್ರಿಯ ಒಂಬತ್ತು. ಮಾರ್ಗಶಿರದ ಗುರುವಾರಗಳು. ಎರಡು ಒಂದೇ ದಿನ ಬಿದ್ದದ್ದನ್ನು ಒಂದೇ ಎಂದು ಹಿಡಿದು ಕೂಡಿಸಿದರೂ 45ರ ಸುತ್ತ ನಿಂತಿತು. ಅಂದರೆ ಇನ್ನೂ ಮೂವತ್ತು ಚಿಲ್ಲರೆ ಗುಳಿಗೆಗೆ ಲೆಕ್ಕ ಹತ್ತಲಿಲ್ಲ. ಆ ದಿನಗಳಲ್ಲಿ ಅವಳು ಉಂಡಿದ್ದಳು. ಮತ್ತೆ ಯಾಕೆ?

ಉತ್ತರ ಮರುದಿನ ಹೊಲದಲ್ಲಿ ಸಿಕ್ಕಿತು.

ಎಳ್ಳಮವಾಸೆ ಬೀದರ ಜಿಲ್ಲೆಯವರಿಗೆ ಏನು ಎಂಬುದನ್ನು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಗಡಿಯಾಚೆ ಲಾತೂರದಲ್ಲೂ ಇದೇ ಹಬ್ಬ, ಅವರು ವೇಳ ಅಮವಾಸ್ಯೆ ಅನ್ನುತ್ತಾರೆ. ಆ ದಿನ ಊರು ಖಾಲಿ, ಹೊಲಗಳೆಲ್ಲ ಊರು. ಜೋಳದ ದಂಟಿನ ಖೋಪಿ ಕಟ್ಟಿ, ಒಳಗೆ ಪೂಜೆ ಮಾಡಿ, ಬೆಳೆಯ ಸುತ್ತ ಚರಗ ಚೆಲ್ಲಿ, ಆಮೇಲೆ ಊಟ. ಸಜ್ಜೆ ರೊಟ್ಟಿ, ಕಡಬು, ಹುಗ್ಗಿ, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ಹುಳಿ ಬಂದ ಅಂಬಲಿ. ಎಲ್ಲಕ್ಕೂ ಮೇಲೆ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜಿ ಅಲ್ಲ ಇದು. ಹಸಿ ತೊಗರಿಕಾಳು, ಅವರೆಕಾಳು, ಹಸಿಗಡಲೆ, ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಹೊಲದಲ್ಲೂ ಸಂತೆಯಲ್ಲೂ ಏನೇನು ಸಿಗುತ್ತದೋ ಅದೆಲ್ಲವನ್ನೂ ಕಡಲೆಹಿಟ್ಟಿನ ಜೊತೆ ಕುದಿಸಿ ಮಾಡಿದ್ದು. ಕಾಳು ಸೊಪ್ಪು ಇಷ್ಟೊಂದು ಒಂದೇ ತಟ್ಟೆಯಲ್ಲಿ ವರ್ಷಕ್ಕೊಂದೇ ಸಲ ಬರುತ್ತದೆ. ಬಿಪಿಯವರಿಗೆ ಏನು ಉಣ್ಣಬೇಕೆಂದು ಈಗಿನ ಪುಸ್ತಕಗಳು ಹೇಳುತ್ತವೆಯೋ ಅದು ಹೆಚ್ಚುಕಮ್ಮಿ ಇದೇ, ಹೋಳಿಗೆ ಬಿಟ್ಟು.

ಆ ವರ್ಷ ಅಮವಾಸೆ ಸೋಮವಾರವೇ ಬಿದ್ದಿತ್ತು. ಹೊಲದ ಊಟಕ್ಕೆ ಸೋಮವಾರದ ಉಪವಾಸ ಅಡ್ಡಿಯಲ್ಲ ಎಂದು ಅವ್ವ ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ನಾನು ಮಾತಾಡದೆ ಅವಳನ್ನೇ ನೋಡುತ್ತ ಕೂತೆ. ನಸುಕಿನ ನಾಲ್ಕಕ್ಕೆ ಎದ್ದವಳು ಒಂದು ಕಪ್ಪು ಚಹಾದ ಮೇಲಿದ್ದಳು. ಮೊದಲ ಪಂಕ್ತಿ ಗಂಡಸರದು, ಪಕ್ಕದ ಹೊಲದವರೂ ಸೇರಿ. ಎರಡನೆಯದು ಹುಡುಗರದು. ಮೂರನೆಯದು ಹೆಣ್ಣುಮಕ್ಕಳದು, ಅದರಲ್ಲೂ ಅವಳು ಕೂಡಲಿಲ್ಲ, ಬಡಿಸಿದಳು. ಆಮೇಲೆ ಆಳುಗಳು. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣಿಸುವ ಹಬ್ಬ ಅದು. ಅವ್ವ ತಟ್ಟೆ ಹಿಡಿದು ಖೋಪಿಯ ನೆರಳಿಗೆ ಬಂದಾಗ ನನ್ನ ಕೈಗಡಿಯಾರದಲ್ಲಿ ನಾಲ್ಕು ಹೊಡೆಯಲು ಹತ್ತು ನಿಮಿಷ. ಭಜ್ಜಿಯ ಗಡಿಗೆ ಖಾಲಿಯಾಗಿತ್ತು. ತಳವನ್ನು ಅಂಬಲಿಯಿಂದ ತೊಳೆದು ಅದನ್ನೇ ಕುಡಿದಳು. ತಟ್ಟೆಯಲ್ಲಿದ್ದದ್ದು ಎರಡು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ.

ಹಬ್ಬದ ದಿನ ಮಾತ್ರ ಹೀಗೇನೋ ಅಂದುಕೊಂಡೆ. ನನ್ನ ತಂಗಿ ನಕ್ಕಳು. "ದಿನಾ ಹಿಂಗೇ ಅಣ್ಣಾ. ನೀ ಭಾಲ್ಕ್ಯಾಗ ಇದ್ದು ಮರ್ತೀ ಅಷ್ಟೇ."

ಮರೆತಿರಲಿಲ್ಲ. ಚಿಕ್ಕಂದಿನಿಂದ ಎದುರಿಗೇ ಇದ್ದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಮುಂಜಾನೆ ಅವ್ವನಿಗೆ ನಾಷ್ಟಾ ಎಂಬುದೇ ಇಲ್ಲ. ಹೊಲಕ್ಕೆ ಹೋಗುವವರ ಬುತ್ತಿ, ಶಾಲೆಗೆ ಹೋಗುವವರ ರೊಟ್ಟಿ, ಮಧ್ಯಾಹ್ನ ಬಂದವರ ಊಟ, ಎಲ್ಲ ಮುಗಿದು ಅವಳ ಬಾಯಿಗೆ ಮೊದಲ ತುತ್ತು ಬೀಳುವುದು ಒಂದು ದಿನ ಹನ್ನೊಂದಕ್ಕೆ, ಒಂದು ದಿನ ಮೂರಕ್ಕೆ, ಕಳೆ ತೆಗೆಯುವ ದಿನಗಳಲ್ಲಿ ಐದಕ್ಕೆ. ಅಷ್ಟೊತ್ತಿಗೆ ಮುಂಜಾನೆಯ ಗುಳಿಗೆಯನ್ನು ಈಗ ತೆಗೆದುಕೊಳ್ಳಬೇಕೋ ಬೇಡವೋ ಎಂಬ ಅನುಮಾನ. ಅನುಮಾನ ಬಂದ ದಿನ ಬಿಟ್ಟುಬಿಡುತ್ತಿದ್ದಳು. ಆ ಮೂವತ್ತು ಚಿಲ್ಲರೆ ಗುಳಿಗೆಯ ಲೆಕ್ಕ ಅಲ್ಲಿತ್ತು. 'ಊಟದ ನಂತರ' ಎಂದು ಬರೆದವನ ಕಣ್ಣ ಮುಂದೆ ಹೊತ್ತಿಗೆ ಸರಿಯಾಗಿ ತಟ್ಟೆ ಬರುವ ಗಂಡಸಿನ ಊಟ ಇತ್ತು.

ಉಪ್ಪಿನದೂ ಇದೇ ಕತೆ ಎಂದು ತಿಳಿಯಲು ನನಗೆ ಇನ್ನೂ ಕೆಲವು ತಿಂಗಳು ಬೇಕಾದವು. ಉಪ್ಪು ಕಮ್ಮಿ ಮಾಡು ಎಂದು ಡಾಕ್ಟರು ಹೇಳಿದ್ದರು. ಅವ್ವ ಒಪ್ಪಿಕೊಂಡು ಬಂದು ಪಲ್ಯಕ್ಕೆ ಚಿಟಿಕೆ ಕಡಿಮೆ ಹಾಕಿದಳು, ಅಪ್ಪ ತಟ್ಟೆ ಸರಿಸಿದ, ಮಾರನೆಯ ದಿನದಿಂದ ಮೊದಲಿನಂತೆ. ಆದರೆ ಪಲ್ಯದ ಉಪ್ಪಲ್ಲ ಅವಳ ಸಮಸ್ಯೆ. ನಮ್ಮ ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಬಿಸಿನೀರು ಮತ್ತು ಹಿಟ್ಟು, ಅಷ್ಟೇ. ಉಪ್ಪೆಲ್ಲ ಇರುವುದು ಬದಿಯಲ್ಲಿ. ಮೊದಲು ಉಂಡವರಿಗೆ ಪುಂಡಿಪಲ್ಯ, ಬ್ಯಾಳಿ, ಮೊಸರು ಸಿಗುತ್ತದೆ. ಕೊನೆಗೆ ಉಣ್ಣುವವರಿಗೆ ಎಂದೂ ಮುಗಿಯದ ಪದಾರ್ಥಗಳು ಉಳಿಯುತ್ತವೆ: ಉಪ್ಪಿನಕಾಯಿ, ಹಿಂಡಿ, ಹಸಿಮೆಣಸಿನಕಾಯಿ ಖಾರ, ಹಪ್ಪಳ. ಮುಗಿಯದಿರಲು, ಕೆಡದಿರಲು ಕಾರಣವೇ ಅವುಗಳ ಉಪ್ಪು. ದಿನಕ್ಕೆ ಐದು ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚದಷ್ಟು, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊನೆಯ ಪಂಕ್ತಿಯ ತಟ್ಟೆಯಲ್ಲಿ ಅದು ಒಂದೇ ಹೊತ್ತಿಗೆ ಮುಗಿಯುತ್ತದೆ. ಉಪವಾಸದ ದಿನವೂ ಬಿಡುವಿಲ್ಲ. ಸಾಬೂದಾಣಿ ಖಿಚಡಿಗೆ ಸೈಂಧವ ಲವಣ ಹಾಕಿ, ಅದು ಉಪ್ಪಲ್ಲ ಎಂಬ ನಂಬಿಕೆಯಲ್ಲಿ ಧಾರಾಳವಾಗಿ ಉಣ್ಣುತ್ತಿದ್ದಳು. ಗಣಿಯಿಂದ ಬಂದರೂ ಸಮುದ್ರದಿಂದ ಬಂದರೂ ಎರಡೂ ಬಹುಪಾಲು ಸೋಡಿಯಂ ಕ್ಲೋರೈಡೇ. ದೇವರು ಅದನ್ನು ಬೇರೆ ಎಂದು ಎಣಿಸಬಹುದು, ರಕ್ತನಾಳ ಎಣಿಸುವುದಿಲ್ಲ.

ಬಿಪಿಗೆ ಸರಿಯಾದ ಗುಳಿಗೆಗಳಿಲ್ಲದ 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ರೋಗಿಗಳಿಗೆ ಬರೀ ಅನ್ನ, ಹಣ್ಣು, ಸಕ್ಕರೆ ಕೊಟ್ಟು, ಉಪ್ಪನ್ನು ಹೆಚ್ಚುಕಮ್ಮಿ ಪೂರ್ತಿ ನಿಲ್ಲಿಸಿ ಬಿಪಿ ಇಳಿಸಿದ್ದರು. ಬಹಳ ಜನರಿಗೆ ಇಳಿಯಿತು ಕೂಡ. ಆ ಊಟವನ್ನು ದಿನಗಟ್ಟಲೆ ಉಂಡು ತಾಳುವುದೇ ದೊಡ್ಡ ಪ್ರಶ್ನೆಯಾಗಿತ್ತು. ನಮ್ಮ ದೇಶದಲ್ಲಿ ಸರ್ಪಗಂಧದ ಬೇರು ಬಳಕೆಯಲ್ಲಿತ್ತು. ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದರ ಬಗ್ಗೆ ಬರೆದ ಮೇಲೆ ಜಗತ್ತು ಈ ಕಡೆ ತಿರುಗಿ ನೋಡಿತು. ಅವ್ವನಿಗೆ ಇದನ್ನು ಹೇಳಿದ್ದೆ. "ಹಂಗಾರ ಬೇರೇ ತಂದು ಕೊಡು, ಅದಕ್ಕ ಊಟ ಬೇಕಿಲ್ಲೇನು?" ಅಂದಳು.

ಆ ಅಮವಾಸೆಯ ನಂತರ ಅಂಗಡಿಯಲ್ಲಿ ನಾನು ಬರೆಯುವುದನ್ನು ಕಡಿಮೆ ಮಾಡಿ ಕೇಳುವುದನ್ನು ಹೆಚ್ಚು ಮಾಡಿದೆ. ಮೊದಲು ಊಟದ ಹೊತ್ತು ಕೇಳುವುದು, ಆಮೇಲೆ ಗುಳಿಗೆ ಕೊಡುವುದು. ಎಲ್ಲ ಬಿಪಿ ಗುಳಿಗೆಗಳ ಸ್ವಭಾವ ಒಂದೇ ಅಲ್ಲವಲ್ಲ. ನಿವೃತ್ತ ಮಾಸ್ತರೊಬ್ಬರು ಕ್ಯಾಪ್ಟೊಪ್ರಿಲ್ ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಊಟವೇ ವೈರಿ. ಹೊಟ್ಟೆ ತುಂಬಿದ್ದರೆ ಮೈಗೆ ಸೇರುವುದು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಊಟಕ್ಕೆ ಒಂದು ತಾಸು ಮೊದಲೇ ನುಂಗಬೇಕು. ನಾನು ವರ್ಷಗಟ್ಟಲೆ ಅವರ ಪಟ್ಟಿಯ ಮೇಲೂ ಅದೇ ಎರಡು ಶಬ್ದ ಬರೆದುಕೊಟ್ಟಿದ್ದೆ. ಮೆಟೊಪ್ರೊಲಾಲ್ ಇದರ ತದ್ವಿರುದ್ಧ, ಊಟದ ಜೊತೆಗೇ ಚೆನ್ನಾಗಿ ಸೇರುತ್ತದೆ. ಕಾರ್ವೆಡಿಲಾಲ್ ಹೊಟ್ಟೆಗೆ ಏನಾದರೂ ಹಾಕಿಕೊಂಡು ತೆಗೆದುಕೊಂಡರೆ ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುವುದು ಕಡಿಮೆ. ಮಾಸ್ತರ ಮುಂದೆ ಮಾತ್ರ ನಾನು ತಪ್ಪು ಒಪ್ಪಿಕೊಂಡೆ. ಅವರು ಕನ್ನಡಕ ಇಳಿಸಿ, "ತಪ್ಪು ತಿದ್ದಿ ಹತ್ತು ಸಲ ಬರಿ" ಅಂದರು.

ಹೊತ್ತಿನ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದವರು ರೋಜಾ ಹಿಡಿಯುವವರು. ರಮಜಾನ್ ಶುರುವಾಗುವ ವಾರ ಮೊದಲೇ ಚೀಟಿ ಹಿಡಿದು ಬರುತ್ತಿದ್ದರು. ಒಬ್ಬ ದರ್ಜಿ ಚಾಚಾ ಪ್ರತಿ ವರ್ಷ ಕೌಂಟರಿನ ಮೇಲೆ ಎಲ್ಲ ಗುಳಿಗೆ ಸುರಿದು, ಯಾವುದು ಸಹರಿಗೆ, ಯಾವುದು ಇಫ್ತಾರಿಗೆ ಎಂದು ಕೇಳಿ ಬೇರೆ ಬೇರೆ ಬಣ್ಣದ ದಾರ ಕಟ್ಟಿಕೊಂಡು ಹೋಗುತ್ತಿದ್ದರು. ಡಾಕ್ಟರನ್ನು ಕೇಳಿ ಬದಲಿಸಬೇಕಾದ್ದನ್ನು ಬದಲಿಸುತ್ತಿದ್ದರು. ಮೂತ್ರ ಹೆಚ್ಚಿಸುವ ಗುಳಿಗೆ ಸಹರಿಗೆ ಬೇಡ, ಹಗಲೆಲ್ಲ ನೀರು ಕುಡಿಯದೆ ಇರಬೇಕಲ್ಲ ಎಂಬುದು ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು. ಇಡೀ ಮೊಹಲ್ಲಾ ಒಂದೇ ಹೊತ್ತಿಗೆ ಉಣ್ಣುವಾಗ ಹೊತ್ತು ಕೇಳಲು ಸಂಕೋಚವಿಲ್ಲ. ಅವ್ವನ ಉಪವಾಸಗಳು ಅವಳೊಬ್ಬಳವು. ಅವನ್ನು ಯಾರಿಗೂ ಹೇಳುವ ಪದ್ಧತಿಯೇ ಇರಲಿಲ್ಲ, ಡಾಕ್ಟರಿಗಂತೂ ಅಲ್ಲ.

ಆ ಮೂತ್ರದ ಗುಳಿಗೆಗೆ ನಮ್ಮ ಕಡೆ ನೀರಿನ ಗುಳಿಗಿ ಅನ್ನುತ್ತಾರೆ. ಅದು ಹೆಚ್ಚು ಉಳಿಯುವುದು ಹೆಣ್ಣುಮಕ್ಕಳ ಡಬ್ಬಿಯಲ್ಲಿ, ಅದಕ್ಕೂ ಊಟಕ್ಕೂ ಸಂಬಂಧವಿಲ್ಲ. ಔರಾದದಿಂದ ಬೀದರಕ್ಕೆ ಬಸ್ಸಿನಲ್ಲಿ ಹೋಗುವ ದಿನ, ಮದುವೆಯ ದಿನ, ದಿನವಿಡೀ ಬಯಲು ಹೊಲದಲ್ಲಿ ಕೂಲಿ ಇರುವ ದಿನ ಅವರು ಅದನ್ನು ಮುಟ್ಟುವುದಿಲ್ಲ. ಎಲ್ಲಿಗೆ ಹೋಗಬೇಕು? ಡಾಕ್ಟರ ಮುಂದೆ ಇದನ್ನು ಬಾಯಿಬಿಟ್ಟು ಹೇಳಲಾರರು, ಅಂಗಡಿಯಲ್ಲಿ ಗಂಡಸು ನಿಂತಿದ್ದರೆ ನನ್ನ ಮುಂದೆಯೂ ಹೇಳಲಾರರು. ನನ್ನ ಹೆಂಡತಿ ಅಂಗಡಿಯಲ್ಲಿ ಕೂಡಲು ಶುರುಮಾಡಿದ ಮೇಲೆ ಈ ಮಾತುಗಳು ಹೊರಬಂದವು. ಬಂದು ಮನೆ ಮುಟ್ಟಿದ ಮೇಲಾದರೂ ತಗೋ ಎಂದು ಅವಳು ಹೇಳುತ್ತಿದ್ದಳು, ಡಾಕ್ಟರಿಗೆ ಫೋನು ಹಚ್ಚಿ ಕೇಳಿಯೇ.

ನಗೆಯ ಪ್ರಸಂಗಗಳೂ ಇಲ್ಲದಿರಲಿಲ್ಲ. ಒಬ್ಬ ಗಿರಾಕಿ ಎರಡು ವರ್ಷ ದ್ರಾಕ್ಷಿ ಬಿಟ್ಟಿದ್ದರು. ವಿಜಯಪುರದ ದ್ರಾಕ್ಷಿ ಬಂಡಿಯಲ್ಲಿ ಬಂದರೆ ಮುಖ ತಿರುಗಿಸಿ ನಡೆಯುತ್ತಿದ್ದರು. ಯಾಕೆಂದು ಕೇಳಿದರೆ, ಬಿಪಿ ಗುಳಿಗೆಗೂ ದ್ರಾಕ್ಷಿಗೂ ಆಗಿಬರುವುದಿಲ್ಲವೆಂದು ಎಲ್ಲೋ ಓದಿದ್ದರಂತೆ. ಬರೆದವರು ಗ್ರೇಪ್‌ಫ್ರೂಟ್ ಎಂಬುದನ್ನು ದ್ರಾಕ್ಷಿ ಮಾಡಿಬಿಟ್ಟಿದ್ದರು. ಅದು ದ್ರಾಕ್ಷಿಯಲ್ಲ, ನಿಂಬೆ ಕಿತ್ತಳೆಗಳ ಕುಲದ್ದು, ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಕೂಸು. ನಾನು ಅಂಗಡಿ ತೆರೆದ 1989ರಲ್ಲೇ ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೊಡಿಪಿನ್ ಎಂಬ ಬಿಪಿ ಮದ್ದಿನ ಮೇಲೆ ಮದ್ಯ ಏನು ಮಾಡುತ್ತದೆಂದು ನೋಡಹೊರಟು, ಮದ್ಯದ ರುಚಿ ಮರೆಮಾಡಲು ಆ ಹಣ್ಣಿನ ರಸ ಬೆರೆಸಿದ್ದರು. ರಕ್ತದಲ್ಲಿ ಮದ್ದು ನೆನೆಸದಷ್ಟು ಏರಿತ್ತು. ಮದ್ಯದಿಂದಲ್ಲ, ರಸದಿಂದ. ಕರುಳಿನಲ್ಲಿ ಈ ಮದ್ದನ್ನು ಅರ್ಧಕ್ಕರ್ಧ ಒಡೆದುಹಾಕುವ ಒಂದು ಕಿಣ್ವವನ್ನು ಆ ಹಣ್ಣು ಸುಮ್ಮನಾಗಿಸುತ್ತದೆ, ಮದ್ದೆಲ್ಲ ಒಮ್ಮೆಲೆ ಒಳಗೆ ನುಗ್ಗುತ್ತದೆ. ಅಮ್ಲೋಡಿಪಿನ್ ಮೇಲೆ ಇದರ ಆಟ ಅಷ್ಟಾಗಿ ನಡೆಯದು. ಚಕ್ಕೋತ ಅದೇ ಬಳಗದ್ದಾದ್ದರಿಂದ ದೇವನಹಳ್ಳಿ ಕಡೆಯವರು ಕೇಳಿ ತಿನ್ನುವುದು ಲೇಸು, ಬೀದರದವರು ದ್ರಾಕ್ಷಿಯನ್ನು ನಿಶ್ಚಿಂತೆಯಿಂದ ತಿನ್ನಬಹುದು. ಇಷ್ಟನ್ನೂ ಹೇಳಿದ ಮೇಲೆ ಅವರು ಕೇಳಿದ್ದು, "ಎರಡು ವರ್ಷದ ದ್ರಾಕ್ಷಿ ಯಾರು ಕೊಡ್ತಾರ್ರಿ ಈಗ?"

ಆದರೆ ಹಣ್ಣು ಸೊಪ್ಪು ಒಳ್ಳೆಯದೆಂಬ ಮಾತು ಎಲ್ಲರಿಗೂ ಒಂದೇ ಅಲ್ಲ. ಲೊಸಾರ್ಟನ್, ಟೆಲ್ಮಿಸಾರ್ಟನ್ ಬಂದ ಮೇಲೆ ಇದು ಮುಂದೆ ಬಂತು. ಈ ಗುಳಿಗೆಗಳು ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ. ಮೂತ್ರಪಿಂಡ ಚೆನ್ನಾಗಿದ್ದವರಿಗೆ ಚಿಂತೆಯಿಲ್ಲ. ಅದು ದಣಿದವರು ದಿನವೂ ಎಳನೀರು ಕುಡಿದು, ಬಿಪಿಗೆ ಒಳ್ಳೆಯದೆಂದು ಪೇಟೆಯ 'ಕಡಿಮೆ ಸೋಡಿಯಂ' ಉಪ್ಪನ್ನೂ ತಂದರೆ ಎದೆಬಡಿತವೇ ಹದ ತಪ್ಪಬಹುದು, ಏಕೆಂದರೆ ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಹಾಕಿರುವುದು ಪೊಟ್ಯಾಸಿಯಂ. ಬೀದರದ ನಮ್ಮ ಸಂಬಂಧಿಕರ ಮನೆಯಲ್ಲಿ ಇದು ರಕ್ತಪರೀಕ್ಷೆಯಲ್ಲಿ ಸಿಕ್ಕಿ ಉಪ್ಪಿನ ಪೊಟ್ಟಣ ಹೊರಗೆ ಹೋಯಿತು. ಕೆಮ್ಮಿಗೆಂದು ದಿನವಿಡೀ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳುವ ಹಿರಿಯರದು ಇನ್ನೊಂದು ಕತೆ. ಅದು ಉಪ್ಪು ಹಿಡಿದು, ಪೊಟ್ಯಾಸಿಯಂ ಕಳೆದು, ಬಿಪಿ ಏರಿಸುತ್ತದೆ. ಬೇರು ಸಿಹಿ, ಹಳೆಯದು, ನಮ್ಮದು, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಅವ್ವನ ಗುಳಿಗೆಗೆ ಹಿಂತಿರುಗುತ್ತೇನೆ. ಅಮವಾಸೆಯ ಮರುದಿನ ಮುಂಜಾನೆ ಭಾಲ್ಕಿಗೆ ಹೊರಡುವ ಮುಂಚೆ ಅವಳನ್ನು ಕೂರಿಸಿಕೊಂಡು ಕೇಳಿದೆ. "ಅವ್ವಾ, ಉಪವಾಸ ಇರಲಿ, ಹಬ್ಬ ಇರಲಿ, ಯಾರರೆ ಸತ್ತಿರಲಿ, ನೀ ದಿನಾ ತಪ್ಪದೆ ಮಾಡೋದು ಯಾವುದು?"

ಅವಳು ಯೋಚಿಸಲೂ ಇಲ್ಲ. "ಎಮ್ಮಿ ಹಿಂಡೋದು."

ಕೊಟಗಿಯ ಗೋಡೆಯಲ್ಲಿ ಒಂದು ಗೂಡು ಇತ್ತು, ಕಂದೀಲು ಇಡುವ ಜಾಗ. ಹಾಲಿನ ಚರಗಿಯನ್ನೂ ಅಲ್ಲೇ ಬೋರಲು ಹಾಕುತ್ತಿದ್ದಳು. ಗುಳಿಗೆ ಪಟ್ಟಿಯನ್ನು ಒಂದು ಸಣ್ಣ ಡಬ್ಬಿಗೆ ಹಾಕಿ ಆ ಗೂಡಿನಲ್ಲಿಟ್ಟೆ. ಎಮ್ಮೆ ಹಿಂಡಿ ಎದ್ದ ಕೂಡಲೇ ಒಂದು ಗುಳಿಗೆ, ಒಂದು ಗುಟುಕು ನೀರು, ಐದೂವರೆಗೆ. ಊಟದ ಸುದ್ದಿಯೇ ಬೇಡ.

"ಉಪವಾಸ ಮುರೀತದಲ್ಲೋ?"

ನಾನು ಏನು ಹೇಳಬೇಕೆಂದು ತಡಕಾಡುವಷ್ಟರಲ್ಲಿ ಅವಳೇ ಬಗೆಹರಿಸಿದಳು. "ತಿನ್ನೋದಲ್ಲ ಬಿಡು, ನುಂಗೋದು."

ಪಟ್ಟಿಯ ಬೆನ್ನ ಮೇಲೆ ಬರೆಯಲು ಪೆನ್ನು ತೆಗೆದವನು ಹಾಗೇ ಮುಚ್ಚಿ ಜೇಬಿಗಿಟ್ಟೆ. ಫೆಬ್ರುವರಿಯಲ್ಲಿ ಹೋದಾಗ ಎಣಿಸಿದೆ, ಒಂದು ದಿನವೂ ತಪ್ಪಿರಲಿಲ್ಲ. ಉದಗೀರದಲ್ಲಿ ತೋರಿಸಿದಾಗ 140ಕ್ಕೆ 88. ತಂಗಿ ಇನ್ನೊಂದು ಕೆಲಸ ಮಾಡಿದ್ದಳು: ಬ್ಯಾಳಿ ಪಲ್ಯ ಆದ ಕೂಡಲೇ ಮೊದಲು ಅವ್ವನ ಪಾಲನ್ನು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡುವುದು. ಅದಕ್ಕೆ ಅವ್ವನದೇ ಹೆಚ್ಚು ವಿರೋಧವಿತ್ತು. ಬಟ್ಟಲನ್ನು ಎಷ್ಟೋ ದಿನ ಹುಡುಗರಿಗೇ ಬಡಿಸಿಬಿಡುತ್ತಿದ್ದಳಂತೆ. ಆ ಲೆಕ್ಕ ನನ್ನ ಕೈಗೆ ಕೊನೆಯವರೆಗೂ ಸಿಗಲಿಲ್ಲ.

2006ರಲ್ಲಿ ಎಮ್ಮೆ ಮಾರಿದೆವು. ಅವ್ವನ ಮೊಣಕಾಲು ಕೂತು ಏಳಲು ಬಿಡುತ್ತಿರಲಿಲ್ಲ, ಹಾಲಿನ ಪ್ಯಾಕೆಟ್ಟು ಊರಿಗೇ ಬರುತ್ತಿತ್ತು. ಎಮ್ಮೆ ಹೋದ ವಾರ ಭಾಲ್ಕಿಯಲ್ಲಿ ರಾತ್ರಿ ಅಂಗಡಿ ಮುಚ್ಚುವಾಗ ತಟ್ಟನೆ ಗುಳಿಗೆಯ ನೆನಪಾಗಿ ನನಗೆ ನಿದ್ದೆ ಬರಲಿಲ್ಲ. ಇನ್ನು ಅವಳು ಯಾವುದರ ಬಾಲಕ್ಕೆ ಅದನ್ನು ಕಟ್ಟಿಕೊಳ್ಳಬೇಕು? ಮರುದಿನ ಸಂಜೆಯ ಗಾಡಿ ಹಿಡಿದು ಹೊರಟೆ. ಊರು ಮುಟ್ಟಿದಾಗ ಅವ್ವ ಮಲ್ಕೊಂಡಿದ್ದಳು, ಎಬ್ಬಿಸಲಿಲ್ಲ.

ನಸುಕಿನಲ್ಲಿ ಅಗಳಿ ತೆಗೆದ ಸಪ್ಪಳಕ್ಕೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಕೊಟಗಿಯಲ್ಲಿ ಬ್ಯಾಟರಿ ಬೆಳಕು. ಗ್ವಾದ್ಲಿ ಖಾಲಿ, ಗೂಟಕ್ಕೆ ಹಗ್ಗ ಮಾತ್ರ. ಅವ್ವ ಗೂಡಿನ ಮುಂದೆ ನಿಂತು ಪಟ್ಟಿಯಿಂದ ಗುಳಿಗೆ ಒತ್ತಿ ತೆಗೆಯುತ್ತಿದ್ದಳು.

"ಎಮ್ಮಿ ಇಲ್ಲ, ಇಲ್ಲಿತನ ಯಾಕ ಬಂದಿ? ಡಬ್ಬಿ ಒಳಗ ಇಟ್ಕೋಬೇಕಿಲ್ಲೇನು?"

"ಕಾಲು ತಾವೇ ಬರ್ತಾವ," ಅಂದಳು, ನೀರು ಗುಟುಕರಿಸಿ. ಆಮೇಲೆ ಚರಗಿ ಬೋರಲು ಹಾಕಿ, "ಚಹಾ ಇಡ್ತೀನಿ, ನಡಿ."